ಗಾರ್ಮೆಂಟ್ಸ್ ಲೈನಿನಲ್ಲಿ ಬೇಸರ ಕಳೆಯಲು ಹೀಗೆ ಮಾಡಿ ನೋಡಿ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆ ಲೈನ್ (ಸಾಲಾಗಿ ಕೂತು ಒಬ್ಬೊಬ್ಬರು ಬಟ್ಟೆಯ ಒಂದೊಂದು ಭಾಗ ಹೊಲಿಯುವ ಕಡೆ) ನೋಡಿಕೊಳ್ಳುವ ಸೂಪರ್‌ವೈಸರ್‌ಗಳಿಗೆ ಈ ಮಾತು.

ದಿನವಿಡೀ ಬರೀ ಕಾಲರ್ ಹೊಲಿಯುವವರಿಗೆ ಬೇಸರ ಬಂದರೆ ಅದು ಸೋಮಾರಿತನ ಅಲ್ಲ. ಕೈ ತಾನಾಗಿ ಓಡುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಹೊಲಿಗೆ ತಪ್ಪುವುದು, ಬೆರಳಿಗೆ ಸೂಜಿ ಚುಚ್ಚುವುದು ಇಂಥ ಹೊತ್ತಲ್ಲೇ. ಬೈದರೆ ಸರಿಹೋಗುವುದಿಲ್ಲ.

ಅಕ್ಕಪಕ್ಕದ ಇಬ್ಬರಿಗೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಕಲಿಸಿ. ಕಾಲರ್‌ನವರಿಗೆ ಕಫ್ (ತೋಳಿನ ತುದಿಯ ಪಟ್ಟಿ), ಕಫ್‌ನವರಿಗೆ ಕಾಲರ್. ಎರಡೂ ಸಿಂಗಲ್ ನೀಡಲ್ ಮಷಿನ್‌ನಲ್ಲೇ ಆಗುತ್ತವೆ, ಹೊಲಿಯಲು ಕೊಡುವ ಬಟ್ಟೆ ತುಂಡುಗಳ ಬಂಡಲ್ ಅದಲುಬದಲು ಮಾಡಿದರೆ ಸಾಕು. ಊಟ ಮುಗಿಸಿ ಬಂದ ಮೇಲೆ ಬದಲಿಸಿ. ಶಿಪ್‌ಮೆಂಟ್ ಹತ್ತಿರ ಇರುವಾಗ ಮಾತ್ರ ಶುರು ಮಾಡಬೇಡಿ. ಹೊಸ ಸ್ಟೈಲ್, ಅಂದರೆ ಹೊಸ ಮಾದರಿಯ ಉಡುಪು, ಲೈನಿಗೆ ಬಂದಾಗ ಶುರು ಮಾಡಿದರೆ ಒಳ್ಳೆಯದು.

ಮೊದಲ ಕೆಲವು ದಿನ ಪೀಸ್ ಕಡಿಮೆ ಬರುತ್ತದೆ. ಆಗ ಟಾರ್ಗೆಟ್ ಇಳಿಸಿ, ಇನ್ಸೆಂಟಿವ್‌ಗೆ ಕೈ ಹಾಕಬೇಡಿ. ದುಡ್ಡು ಹೋಗುತ್ತದೆ ಅಂದರೆ ಯಾರು ತಾನೇ ಕಲಿಯುತ್ತಾರೆ?

ಕೇಳಿಯೇ ಮಾಡಿ. ಕೆಲವು ಅಕ್ಕಂದಿರಿಗೆ ಕೈಗೆ ಕೂತ ಕೆಲಸವೇ ನೆಮ್ಮದಿ. ಅವರನ್ನು ಸುಮ್ನೆ ಎಬ್ಬಿಸಬೇಡಿ.

ಪ್ರೊಡಕ್ಷನ್ ಮ್ಯಾನೇಜರ್ ಒಪ್ಪದಿದ್ದರೆ ಒಂದು ಮಾತು ಹೇಳಿ: ಕಾಲರ್‌ನವರು ರಜೆ ಹಾಕಿದ ದಿನ ಆ ಕೆಲಸ ಗೊತ್ತಿರುವ ಇನ್ನೊಬ್ಬರು ಲೈನಿನಲ್ಲೇ ಇರುತ್ತಾರೆ.