ಸಂವಿಧಾನವನ್ನು ಓದುವುದು ಎಲ್ಲಿಂದ ಶುರುಮಾಡಬೇಕು?

ಸಂವಿಧಾನ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಪೀಠಿಕೆಯಿಂದ ಆರಂಭಿಸುತ್ತಾರೆ. ಪೀಠಿಕೆ ಹೆಚ್ಚಿನ ದೇಶಗಳದ್ದೂ ಚಂದವೇ. ಚುನಾವಣೆ ನಡೆಯುತ್ತಿದ್ದರೂ ಸಂವಿಧಾನ ಯಾಕೆ ಬೇಕು ಎಂದು ತಿಳಿಯಬೇಕಾದರೆ ತಿದ್ದುಪಡಿಯ ವಿಧಿಯನ್ನು ಮೊದಲು ತೆರೆಯಿರಿ. ಗೆದ್ದವರು ತಮ್ಮ ಅವಧಿಯವರೆಗೆ ಆಳಬಹುದು, ಸರಿ. ಮುಂದಿನ ಚುನಾವಣೆಯ ನಿಯಮವನ್ನೇ ತಮಗೆ ಅನುಕೂಲವಾಗುವಂತೆ ಬದಲಿಸಿಕೊಳ್ಳಬಹುದೇ? ಉತ್ತರ ಸಿಗುವುದು ಅಲ್ಲಿ.

ಎಷ್ಟು ಮತ, ಎಲ್ಲೆಲ್ಲಿ ಬೇಕು ಎಂದು ಎಣಿಸಿ. ಅಮೆರಿಕದಲ್ಲಿ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಆಮೇಲೆ 50ರಲ್ಲಿ 38 ರಾಜ್ಯಗಳು ಒಪ್ಪಬೇಕು. ಹಾಗಾಗಿಯೇ ಈವರೆಗೆ ಆಗಿರುವುದು 27 ತಿದ್ದುಪಡಿ. ಭಾರತದ 368ನೇ ವಿಧಿ ಪ್ರತಿ ಸದನದಲ್ಲೂ ಒಟ್ಟು ಸದಸ್ಯರ ಬಹುಮತವನ್ನೂ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡನ್ನೂ ಕೇಳುತ್ತದೆ. ಕೇಂದ್ರ–ರಾಜ್ಯ ಅಧಿಕಾರ ಹಂಚಿಕೆಯಂಥ ವಿಷಯಕ್ಕೆ ಅರ್ಧದಷ್ಟು ರಾಜ್ಯಗಳ ಅನುಮೋದನೆಯೂ ಬೇಕು.

ಅಂಕಿಯೊಂದನ್ನೇ ನಂಬಿದರೆ ಎಡವುತ್ತೀರಿ. 1933ರ ಮಾರ್ಚಿನಲ್ಲಿ ಜರ್ಮನಿಯ ಸಂಸತ್ತು ಕಮ್ಯುನಿಸ್ಟ್ ಸದಸ್ಯರನ್ನು ಹೊರಗಿಟ್ಟು, ಮೂರನೇ ಎರಡರ ಬಹುಮತದಿಂದಲೇ, ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಸರ್ಕಾರದ ಕೈಗಿತ್ತಿತು. ಆ ಪೆಟ್ಟು ತಿಂದ ಮೇಲೆ ಬರೆದ 1949ರ ‘ಮೂಲ ಕಾನೂನು’ ಎಂಬ ಜರ್ಮನ್ ಸಂವಿಧಾನದ 79ನೇ ವಿಧಿ, ಮಾನವ ಘನತೆ, ಪ್ರಜಾಪ್ರಭುತ್ವದಂಥ ತತ್ವಗಳನ್ನು ಯಾವ ಬಹುಮತವೂ ಮುಟ್ಟದಂತೆ ಮಾಡಿದೆ. ಭಾರತದಲ್ಲಿ ಅಂಥ ಸಾಲು ಬರೆದಿರಲಿಲ್ಲ. 1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ‘ಮೂಲ ರಚನೆ’ಯ ಗಡಿಯನ್ನು ಎಳೆಯಿತು: ಸಂವಿಧಾನದ ಬುನಾದಿಯ ಲಕ್ಷಣಗಳನ್ನು ತಿದ್ದುಪಡಿಯಿಂದಲೂ ಕೆಡವುವಂತಿಲ್ಲ.

ಎರಡನೆಯದಾಗಿ ತುರ್ತು ಪರಿಸ್ಥಿತಿಯ ವಿಧಿಗಳಿಗೆ ಬನ್ನಿ. ನಿಧಾನವಾಗಿ ಓದಬೇಕಾದ ಜಾಗ ಇದು. ಯಾರು ಘೋಷಿಸುತ್ತಾರೆ, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ, ಆಗಲೂ ಉಳಿಯುವ ಹಕ್ಕು ಯಾವುದು ಎಂದು ಬರೆದಿಟ್ಟುಕೊಳ್ಳಿ. ಒಂದು ಪದ ಸಡಿಲವಾಗಿದ್ದರೂ ಸಾಕು. 1975ರಲ್ಲಿ ಭಾರತದಲ್ಲಿ ‘ಆಂತರಿಕ ಕ್ಷೋಭೆ’ ಎಂಬ ಕಾರಣಕ್ಕೆ ತುರ್ತು ಪರಿಸ್ಥಿತಿ ಬಂತು. ಅಕ್ರಮ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗೂ ಆ ಅವಧಿಯಲ್ಲಿ ಜಾಗವಿಲ್ಲ ಎಂದು 1976ರಲ್ಲಿ ತೀರ್ಪಾಯಿತು. 1978ರ 44ನೇ ತಿದ್ದುಪಡಿ ಆ ಪದವನ್ನು ತೆಗೆದು ‘ಸಶಸ್ತ್ರ ದಂಗೆ’ ಎಂದು ಬಿಗಿಗೊಳಿಸಿತು, ಸಂಪುಟದ ನಿರ್ಧಾರ ಲಿಖಿತವಾಗಿರಬೇಕೆಂದಿತು, ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆಯನ್ನು ಕಡ್ಡಾಯ ಮಾಡಿತು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯನ್ನು ಅಮಾನತಿನಿಂದ ಹೊರಗಿಟ್ಟಿತು.

ಹಕ್ಕುಗಳ ಪಟ್ಟಿ ಈಗ ಓದಿ. ಪಟ್ಟಿಯ ಉದ್ದಕ್ಕೆ ಮರುಳಾಗಬೇಡಿ. 1936ರ ಸೋವಿಯತ್ ಸಂವಿಧಾನದ 125ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯವಿತ್ತು, ‘ದುಡಿಯುವ ಜನರ ಹಿತಕ್ಕೆ ಅನುಗುಣವಾಗಿ’ ಎಂಬ ಷರತ್ತಿನೊಂದಿಗೆ; ಸರ್ಕಾರದ ವಿರುದ್ಧ ಅದನ್ನು ಎತ್ತಿಹಿಡಿಯುವ ಸ್ವತಂತ್ರ ನ್ಯಾಯಾಲಯವಿರಲಿಲ್ಲ. ಆದ್ದರಿಂದ ಪ್ರತಿ ಹಕ್ಕಿನ ಪಕ್ಕ ಎರಡು ವಿಷಯ ಗುರುತಿಸಿ: ಯಾವ ಷರತ್ತಿಗೆ ಒಳಪಟ್ಟಿದೆ, ಮುರಿದರೆ ಯಾರ ಬಾಗಿಲು ತಟ್ಟಬೇಕು. ಭಾರತದ 32ನೇ ವಿಧಿ ನೇರ ಸುಪ್ರೀಂ ಕೋರ್ಟಿಗೇ ಹೋಗುವ ದಾರಿ ಕೊಡುತ್ತದೆ. ನ್ಯಾಯಾಧೀಶರನ್ನು ನೇಮಿಸುವವರು, ತೆಗೆಯುವವರು ಯಾರು ಎಂಬುದನ್ನೂ ಜೊತೆಗೇ ನೋಡಿಕೊಳ್ಳಿ.

ಬ್ರಿಟನ್ನಿನಲ್ಲಿ ಹೀಗೆ ಹುಡುಕಲು ಒಂದೇ ಪುಸ್ತಕ ಸಿಗದು. 1689ರ ಹಕ್ಕುಗಳ ಮಸೂದೆ, 1911ರ ಸಂಸತ್ ಕಾಯ್ದೆ, ತೀರ್ಪುಗಳು, ಸಂಪ್ರದಾಯಗಳು ಸೇರಿ ಅಲ್ಲಿನ ಸಂವಿಧಾನ. ಸಂಸತ್ತಿನ ಸರಳ ಬಹುಮತವೇ ಅಂಥ ಕಾಯ್ದೆಗಳನ್ನು ಬದಲಿಸಬಲ್ಲದು. ಹಾಗಾಗಿ ಅಲ್ಲಿ ಹೊರೆಯೆಲ್ಲ ಆಳುವವರ ಸಂಯಮದ ಮೇಲೆ ಬೀಳುತ್ತದೆ.