ಕೀ ಗಟ್ಟಿಯಾಗಬೇಕೆ? ಸ್ಪ್ರಿಂಗ್ ಬೇರೆ, ಪ್ಲೇಟ್ ಬೇರೆ

ಗಟ್ಟಿ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ತನ್ನದೇ ಸ್ವಿಚ್ ಇರುವಂಥದ್ದು) ಬೇಕೆನ್ನುವವರು ಎರಡು ಸಂಗತಿಗಳನ್ನು ಕಲಸಿಬಿಡುತ್ತಾರೆ. ಕೀ ಒತ್ತಲು ಬೇಕಾಗುವ ಭಾರ ಸ್ವಿಚ್ಚಿನೊಳಗಿನ ಸ್ಪ್ರಿಂಗಿನದು. ತಳ ಮುಟ್ಟಿದಾಗ ಬೆರಳಿಗೆ ತಾಗುವ ಗಡಸು ಸ್ವಿಚ್ ಕೂತ ಪ್ಲೇಟಿನದು. ಗಡಸು ಬೇಕಿದ್ದವರು ಉಕ್ಕು ಅಥವಾ ಹಿತ್ತಾಳೆಯ ಪ್ಲೇಟ್ ನೋಡಲಿ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಪ್ಲೇಟ್ ಬಾಗುತ್ತದೆ, ಗ್ಯಾಸ್ಕೆಟ್ ಎಂಬ ಮೆತ್ತನೆಯ ಪಟ್ಟಿಗಳ ಮೇಲೆ ಕೂರಿಸಿದ್ದು ಇನ್ನಷ್ಟು ಮೆತ್ತಗೆ. ಕೀಕ್ಯಾಪ್ ಕೆಳಗೆ ರಬ್ಬರ್ ಉಂಗುರ ಹಾಕಿದರಂತೂ ಗಡಸೆಲ್ಲ ಹೋಯಿತು.

ನನಗೆ ಬೇಕಿದ್ದದ್ದು ಭಾರ. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ ಸುಮಾರು 45 ಗ್ರಾಂ, ಬ್ಲ್ಯಾಕ್ 60. ಎರಡೂ ಲೀನಿಯರ್, ಅಂದರೆ ನಡುವೆ ತಡೆಯಿಲ್ಲದೆ ಇಳಿಯುವಂಥವು, ವ್ಯತ್ಯಾಸವೆಲ್ಲ ಸ್ಪ್ರಿಂಗಿನಲ್ಲೇ. ಆದರೆ ಈ ಅಂಕಿ ಅಕ್ಷರ ಬೀಳುವ 2 ಮಿ.ಮೀ. ಹಂತದ್ದು. ಬಿಡಿ ಸ್ಪ್ರಿಂಗ್ ಪೊಟ್ಟಣದ ಮೇಲಿನ ಅಂಕಿ ಸಾಮಾನ್ಯವಾಗಿ 4 ಮಿ.ಮೀ. ಇಳಿದು ತಳ ಮುಟ್ಟುವಾಗಿನದು. ಇಳಿದಷ್ಟೂ ಸ್ಪ್ರಿಂಗಿನ ಭಾರ ಏರುತ್ತದೆ. ಇದನ್ನು ಗಮನಿಸದೆ ಬ್ಲ್ಯಾಕ್‌ಗೆ 65 ಗ್ರಾಂ ಸ್ಪ್ರಿಂಗ್ ಹಾಕಿದರೆ ಕೀ ಇನ್ನೂ ಹಗುರವಾಗುತ್ತದೆ!

ಸ್ವಿಚ್ಚನ್ನು ಸಾಕೆಟ್ಟಿನಿಂದ ಕಿತ್ತು ಮತ್ತೆ ಕೂರಿಸಬಹುದಾದ ಹಾಟ್‌ಸ್ವಾಪ್ ಬೋರ್ಡ್ ಇದ್ದರೆ ಬೆಸುಗೆಯ ಗೋಜಿಲ್ಲ. ನಾನು 78 ಗ್ರಾಂ ಸ್ಪ್ರಿಂಗ್ ಆರಿಸಿ, ಕಿರುಬೆರಳಿನ ಕೀಗಳಿಗೆ ಮಾತ್ರ 68 ಹಾಕಿದೆ. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿವಿನ್ಯಾಸದಲ್ಲಿ ಖ, ಛ, ಥ ಎಂದು ಮಹಾಪ್ರಾಣ ಬಂದಾಗಲೆಲ್ಲ ಶಿಫ್ಟ್ ಒತ್ತುವುದು ಆ ಬಡಪಾಯಿ ಬೆರಳೇ. ಮೊದಲು ಮಧ್ಯದ ಸಾಲು ಮಾತ್ರ ಬದಲಿಸಿ ಒಂದು ವಾರ ಟೈಪ್ ಮಾಡಿ ನೋಡಿ. ಮುಂಗೈ ನೋಯತೊಡಗಿದರೆ ಐದೈದು ಗ್ರಾಂ ಇಳಿಸಿ.

ಓಪನರಿನಿಂದ ಸ್ವಿಚ್ಚಿನ ಕೊಕ್ಕೆ ಬಿಡಿಸಿ, ಸ್ಟೆಮ್ (ಕೀಕ್ಯಾಪ್ ಕೂರುವ ನಡುವಿನ ಭಾಗ) ಎತ್ತಿ, ಚಿಮುಟದಲ್ಲಿ ಹಳೆಯ ಸ್ಪ್ರಿಂಗ್ ತೆಗೆಯಬೇಕು. ಹೊಸ ಸ್ಪ್ರಿಂಗುಗಳನ್ನು ಚಿಕ್ಕ ಚೀಲಕ್ಕೆ ಹಾಕಿ ಕ್ರೈಟಾಕ್ಸ್ 105 ಎಣ್ಣೆ ನಾಲ್ಕೈದು ಹನಿ ಬಿಟ್ಟು ಕುಲುಕಿದರೆ ಟಿಣ್ ಎನ್ನುವ ಸದ್ದು ಅಡಗುತ್ತದೆ. ಸ್ಟೆಮ್ಮಿನ ಎರಡು ಕಾಲುಗಳು ವಿದ್ಯುತ್ ಸಂಪರ್ಕ ಕೊಡುವ ತಾಮ್ರದ ಎಲೆಯ ಕಡೆಗೇ ಇರಲಿ. ತಿರುಗುಮುರುಗಾಗಿ ಮುಚ್ಚಿದರೆ ಎಲೆ ಬಾಗಿ, ಕೀ ಒತ್ತಿದರೂ ಅಕ್ಷರ ಬೀಳದು, ಇಲ್ಲವೇ ಒತ್ತದೆಯೂ ಬೀಳುತ್ತಲೇ ಇರುತ್ತದೆ.

ಬೋರ್ಡಿಗೆ ಮರಳಿ ಕೂರಿಸುವಾಗ ಪಿನ್ ನೇರವಾಗಿವೆಯೇ ನೋಡಿ, ಸಾಕೆಟ್ಟಿನ ಹಿಂಬದಿಗೆ ಬೆರಳು ಆನಿಸಿ ಒತ್ತಿ. ಆನಿಕೆ ಇಲ್ಲದೆ ಅದುಮಿದರೆ ಸಾಕೆಟ್ ಬೋರ್ಡಿನಿಂದ ಕಿತ್ತು ಬರುತ್ತದೆ, ಆಗ ಬೆಸುಗೆಯೇ ಗತಿ. ಸ್ಪೇಸ್ ಬಾರ್‌ಗೆ ಭಾರದ ಸ್ಪ್ರಿಂಗನ್ನೇ ಉಳಿಸಿಕೊಳ್ಳಿ. ಉದ್ದನೆಯ ಕ್ಯಾಪ್, ಅದು ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ತಂತಿ ಎರಡನ್ನೂ ಅದೊಂದೇ ಮೇಲೆತ್ತಬೇಕು.