ನಾಲ್ಕಡಿ ಹಲಗೆಯ ಮೇಲೆ ನಂದಿ ಹಾಲ್ಟ್

ಯಲಹಂಕದಿಂದ ಹೊರಟು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಸುತ್ತಿಕೊಂಡು ಬಂಗಾರಪೇಟೆಗೆ ಹೋಗುತ್ತಿದ್ದ ಪುಟ್ಟ ರೈಲು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು, ಒಮ್ಮೆ ಕೇಳಿ ನೋಡಿ. ಎರಡು ಹಳಿಗಳ ನಡುವೆ ಎರಡೂವರೆ ಅಡಿ ಅಂತರ, ಅಂದರೆ 762 ಮಿ.ಮೀ. ಅದಕ್ಕೇ ನ್ಯಾರೋಗೇಜ್ ಅನ್ನೋದು. ಈಗ ಆ ದಾರಿಯಲ್ಲಿ ಬ್ರಾಡ್‌ಗೇಜ್ ಬಂದಿದೆ. ಕೋಲಾರ–ಚಿಕ್ಕಬಳ್ಳಾಪುರ ನಡುವಿನ ಭಾಗ ಬ್ರಾಡ್‌ಗೇಜ್ ಆಗಿ ತೆರೆದಿದ್ದು 2013ರಲ್ಲಿ. ಹಳೆಯ ಹಳಿ ಹೋಯಿತು. ಅದೇ ದಾರಿಯ ನಂದಿ ಹಾಲ್ಟ್ ನಿಲ್ದಾಣದ ಕಲ್ಲಿನ ಕಟ್ಟಡ ಈಗಲೂ ಉಳಿದಿದೆ.

ಆ ರೈಲಿನ ಪುಟ್ಟ ಮಾದರಿಯನ್ನು ಮನೆಯಲ್ಲೇ ಓಡಿಸಬಹುದು. ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆ ಸಾಕು. ಬ್ರಾಡ್‌ಗೇಜ್ ಮಾದರಿ ಮಾಡಲು ಹೊರಟರೆ ಇಷ್ಟು ಜಾಗದಲ್ಲಿ ಒಂದು ತಿರುವೂ ಸರಿಯಾಗಿ ಕೂರಲ್ಲ. ನ್ಯಾರೋಗೇಜ್ ನಿಜವಾಗಿಯೂ ಚಿಕ್ಕ ಜಾಗಕ್ಕೆಂದೇ ಹುಟ್ಟಿದ್ದು. ಕಲ್ಕಾ–ಶಿಮ್ಲಾ ದಾರಿಯೂ ಇದೇ 762 ಮಿ.ಮೀ. ಅಲ್ಲಿನ ಅತಿ ಬಿಗಿ ತಿರುವಿನ ತ್ರಿಜ್ಯ ಸುಮಾರು 37 ಮೀಟರ್ ಅಷ್ಟೇ. ಗುಡ್ಡ ಬಳಸಿ, ಮನೆ ಹಿತ್ತಲು ಬಳಸಿ ಹೋಗುವ ರೈಲು ಅದು. ಹಾಗಾಗಿ ನಮ್ಮ ಹಲಗೆಯ ಮೇಲೆ ತಿರುವು ಬಿಗಿಯಾಗಿದ್ದರೂ ನೋಡೋಕೆ ಸುಳ್ಳು ಅನ್ನಿಸಲ್ಲ.

ಮೊದಲು ಅಳತೆ

ಇದೊಂದು ಲೆಕ್ಕ ಅರ್ಥವಾದರೆ ಮುಂದಿನದ್ದೆಲ್ಲ ಸಲೀಸು. ಮಾದರಿ ರೈಲುಗಳಲ್ಲಿ 1:87 ಅನ್ನೋದು ಜಾಸ್ತಿ ಬಳಕೆಯಲ್ಲಿರುವ ಅಳತೆ. ನಿಜವಾದ ವಸ್ತುವಿನ ಅಳತೆಯನ್ನು 87ರಿಂದ ಭಾಗಿಸಿ. 762 ಭಾಗಿಸು 87 ಅಂದರೆ 8.76. ಅಂಗಡಿಯಲ್ಲಿ ಸಿಗುವ 9 ಮಿ.ಮೀ. ಹಳಿಗೆ ಇದು ಹೆಚ್ಚುಕಡಿಮೆ ಸರಿಹೊಂದುತ್ತದೆ. ಈ ಜೋಡಿಯನ್ನು ಎಚ್‌ಒಇ ಅಂತ ಕರೆಯುತ್ತಾರೆ. ಇಂಗ್ಲೆಂಡಿನವರು 1:76 ಅಳತೆಯನ್ನು ಇದೇ 9 ಮಿ.ಮೀ. ಹಳಿಯ ಮೇಲೆ ಓಡಿಸುತ್ತಾರೆ, ಅದು ಒಒ9. ಡಾರ್ಜಿಲಿಂಗ್ ಅಥವಾ ಮಾಥೇರಾನ್ ರೈಲಿನ ಮೇಲೆ ನಿಮಗೆ ಆಸೆ ಇದ್ದರೆ, ಅವೆರಡರ ಹಳಿ 610 ಮಿ.ಮೀ., ಅದಕ್ಕೆ ಒಒ9 ಹತ್ತಿರ. ನಮ್ಮ ಕೋಲಾರದ ರೈಲಿಗೆ ಎಚ್‌ಒಇ ಹಿಡಿಯಿರಿ. ಎರಡನ್ನೂ ಕಲಸಬೇಡಿ. 1:76ರ ಮನುಷ್ಯ 1:87ರ ಬಾಗಿಲಲ್ಲಿ ನಿಂತರೆ ತಲೆ ತಾಗುವ ಹಾಗೆ ಕಾಣುತ್ತದೆ.

ಐದೂವರೆ ಅಡಿ ಎತ್ತರದ ಒಬ್ಬ ಮನುಷ್ಯ ಈ ಅಳತೆಯಲ್ಲಿ 19 ಮಿ.ಮೀ. ಆಗುತ್ತಾನೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರವೂ ಸರಿಯಾಗಿ ಐದೂವರೆ ಅಡಿಯೇ. ಅಂದರೆ ಆ ಮನುಷ್ಯನನ್ನು ಹಳಿಗಳ ನಡುವೆ ಅಡ್ಡ ಮಲಗಿಸಿದರೆ ಬ್ರಾಡ್‌ಗೇಜ್‌ನಲ್ಲಿ ತಲೆಯಿಂದ ಪಾದದವರೆಗೆ ಸರಿಹೋಗುತ್ತಾನೆ, ನ್ಯಾರೋಗೇಜ್‌ನಲ್ಲಿ ಅರ್ಧ ಮೈಯೂ ಹಿಡಿಯಲ್ಲ. ಪುಟ್ಟ ರೈಲು ಎಷ್ಟು ಪುಟ್ಟದು ಅಂತ ನನಗೆ ಸರಿಯಾಗಿ ತಿಳಿದಿದ್ದು ಈ ಲೆಕ್ಕ ಹಾಕಿದ ದಿನ.

ಹಲಗೆ

12 ಮಿ.ಮೀ. ಪ್ಲೈವುಡ್ ತಗೊಳ್ಳಿ. ಎಂಟಡಿ–ನಾಲ್ಕಡಿ ಶೀಟ್‌ನಲ್ಲಿ ನಮಗೆ ಬೇಕಾದ ತುಂಡು ನಾಲ್ಕು ಬರುತ್ತವೆ, ಆದ್ದರಿಂದ ಬಡಗಿಯ ಹತ್ತಿರ ಉಳಿದ ತುಂಡು ಇದ್ದರೆ ಅದನ್ನೇ ಕೇಳಿ. ಕೆಳಗೆ ಸುತ್ತಲೂ ಎರಡಿಂಚಿನ ರೀಪರ್ ಪಟ್ಟಿ, ನಡುವೆ ಅಡ್ಡಲಾಗಿ ಎರಡು. ಈ ಅಡ್ಡಪಟ್ಟಿ ಬಿಟ್ಟರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಸೊಟ್ಟಗಾಗುತ್ತದೆ. ಹಲಗೆಯ ಎರಡೂ ಕಡೆ ಒಂದು ಕೈ ಪ್ರೈಮರ್ ಹೊಡೆಯಿರಿ. ಕೆಳಗಿನ ಬದಿ ಕಾಣಲ್ಲ ಅಂತ ಬಿಡಬೇಡಿ, ತೇವ ಏರುವುದೇ ಅಲ್ಲಿಂದ. ಕೊನೆಗೆ ಮೇಜಿನ ಮೇಲಿಟ್ಟು ರಸಮಟ್ಟ ಇಟ್ಟು ನೋಡಿ.

ಹಳಿಯ ದಾರಿ ಬರೆಯುವುದು

ಮೊಟ್ಟಮೊದಲ ಲೇಔಟ್‌ಗೆ, ಅಂದರೆ ಹಲಗೆಯ ಮೇಲಿನ ಇಡೀ ರೈಲುದಾರಿಗೆ, ಒಂದು ಅಂಡಾಕಾರದ ಸುತ್ತು, ಒಂದು ಕಡೆ ನಿಲ್ದಾಣ, ನಿಲ್ದಾಣದಲ್ಲಿ ಇನ್ನೊಂದು ಹಳಿ. ಇಷ್ಟೇ ಸಾಕು. ತಿರುವಿನ ತ್ರಿಜ್ಯ 228 ಮಿ.ಮೀ., ಅಂದರೆ ಒಂಬತ್ತು ಇಂಚು. ಎರಡಡಿ ಅಗಲದಲ್ಲಿ ಇದು ಕೂತು ಎರಡೂ ಅಂಚಿಗೆ ಸುಮಾರು ಏಳು ಸೆಂ.ಮೀ. ಉಳಿಯುತ್ತದೆ. ವೃತ್ತ ಬರೆಯೋಕೆ ದಾರ ಬಳಸಬೇಡಿ, ಎಳೆದ ಹಾಗೆ ಹಿಗ್ಗುತ್ತದೆ. ರಟ್ಟಿನ ಪಟ್ಟಿಯೊಂದರಲ್ಲಿ 228 ಮಿ.ಮೀ. ದೂರಕ್ಕೆ ಎರಡು ತೂತು ಮಾಡಿ, ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲ್ ಇಟ್ಟು ತಿರುಗಿಸಿ.

ಎರಡು ಅರ್ಧವೃತ್ತ, ನಡುವೆ ಅರವತ್ತು ಅರವತ್ತು ಸೆಂ.ಮೀ. ನೇರ ಹಳಿ. ಒಂದು ಸುತ್ತು ಸುಮಾರು 2.6 ಮೀಟರ್. ಬಗ್ಗಿಸಬಹುದಾದ ಫ್ಲೆಕ್ಸಿ ಹಳಿ 914 ಮಿ.ಮೀ. ಉದ್ದದಲ್ಲಿ ಬರುತ್ತದೆ, ಮೂರು ತುಂಡಿನಲ್ಲಿ ಸುತ್ತು ಮುಗಿಯುತ್ತದೆ. ನಿಲ್ದಾಣದ ಹಳಿಗೂ ಸೇರಿಸಿ ನಾಲ್ಕು ತರಿಸಿ. ಪಾಯಿಂಟ್, ಅಂದರೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಕವಲು, ಎರಡು ಬೇಕು. ಅವೆರಡೂ ಕೂತ ಮೇಲೆ ನಿಲ್ದಾಣದಲ್ಲಿ ಮೂವತ್ತು ಸೆಂ.ಮೀ. ಚಿಲ್ಲರೆ ಉಳಿಯುತ್ತದೆ, ಒಂದು ಪುಟ್ಟ ಎಂಜಿನ್, ಎರಡು ಗಿಡ್ಡ ಬೋಗಿ ನಿಲ್ಲುವಷ್ಟು. ಬೋಗಿ ಕೊಳ್ಳುವಾಗ ಉದ್ದ ನೋಡಿಕೊಳ್ಳಿ. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಎರಡು ಪಟ್ಟಾದರೂ ಇರಬೇಕು. ಹಾಗಾಗಿ ಹತ್ತು ಸೆಂ.ಮೀ. ದಾಟದ ಬೋಗಿಯೇ ನಮಗೆ ಒಳ್ಳೆಯದು.

ಪೆಕೋ ಕಂಪನಿಯ ಒಒ9 ಹಳಿಯಲ್ಲಿ ಸ್ಲೀಪರ್‌ಗಳು, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳು, ದೂರ ದೂರ, ಸ್ವಲ್ಪ ಅಂಕುಡೊಂಕಾಗಿ ಇರುತ್ತವೆ. ಹಳ್ಳಿಗಾಡಿನ ರೈಲುದಾರಿ ಇದ್ದಿದ್ದೇ ಹಾಗೆ. ಅದು ಸಿಗದಿದ್ದರೆ ಇನ್ನೂ ಚಿಕ್ಕ ಅಳತೆಯ ಮಾದರಿ ರೈಲಿಗೆ ಬಳಸುವ ಎನ್ ಗೇಜ್ ಹಳಿಯೂ ನಡೆಯುತ್ತದೆ, ಅದೂ 9 ಮಿ.ಮೀ.ಯೇ. ಸ್ಲೀಪರ್‌ಗಳು ತೀರಾ ಒತ್ತೊತ್ತಾಗಿರುತ್ತವೆ, ಆಮೇಲೆ ಮಣ್ಣಿನಲ್ಲಿ ಮುಚ್ಚಿಬಿಡಿ.

ಹಳಿ ಹಾಸುವುದು

ಇಲ್ಲಿ ಆತುರ ಬೇಡ. ಲೇಔಟ್‌ನಲ್ಲಿ ಆಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ, ಅದಕ್ಕೇ ಒಂದು ಭಾನುವಾರ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ, ಎರಡಾದರೂ ಬೇಜಾರು ಮಾಡಿಕೊಳ್ಳಬೇಡಿ.

ಗೆರೆಯ ಮೇಲೆ 2 ಮಿ.ಮೀ. ಕಾರ್ಕ್ ಶೀಟ್ ಪಟ್ಟಿ ಅಂಟಿಸಿ. ಸದ್ದು ಕಡಿಮೆಯಾಗುತ್ತದೆ. ಫ್ಲೆಕ್ಸಿ ಹಳಿ ಬಗ್ಗಿಸುವಾಗ ಒಳಗಿನ ಹಳಿ ತುದಿಯಲ್ಲಿ ಹೊರಗೆ ಚಾಚಿಕೊಳ್ಳುತ್ತದೆ. ಅದನ್ನು ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ನಯ ಮಾಡಿ. ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು. ಎರಡು ತುಂಡು ತಿರುವಿನ ನಡುವೆ ಸೇರುವ ಹಾಗಿದ್ದರೆ, ನೇರವಾಗಿದ್ದಾಗಲೇ ಅವೆರಡನ್ನೂ ಸಾಲ್ಡರ್ ಮಾಡಿ ಒಂದಾಗಿಸಿ, ಆಮೇಲೆ ಬಗ್ಗಿಸಿ. ಬಗ್ಗಿಸಿದ ಮೇಲೆ ಸೇರಿಸಿದರೆ ಜೋಡಣೆಯಲ್ಲಿ ಮೊಣಕೈ ಹಾಗೆ ಮೂಲೆ ಬಂದೇ ಬರುತ್ತದೆ, ಗಾಡಿ ಹಳಿ ತಪ್ಪುವುದೂ ಅಲ್ಲೇ. ನೇರ ಭಾಗದ ಜೋಡಣೆಗಳಲ್ಲಿ ಮಾತ್ರ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದು ಬಿಡಿ. ಬೇಸಿಗೆಗೆ ಹಳಿ ಹಿಗ್ಗುತ್ತದೆ, ಮಳೆಗಾಲಕ್ಕೆ ಹಲಗೆ ಉಬ್ಬುತ್ತದೆ.

ಮೊದಲು ಗುಂಡುಪಿನ್ನು ಚುಚ್ಚಿ ನಿಲ್ಲಿಸಿ, ಅಂಟು ಆಮೇಲೆ. ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಉದ್ದಕ್ಕೂ ನೋಡಿ. ಮೇಲಿನಿಂದ ನೋಡಿದರೆ ಕಾಣದ ಸೊಟ್ಟು ಹಾಗೆ ನೋಡಿದರೆ ಎದ್ದು ಕಾಣುತ್ತದೆ. ಒಂದು ಬೋಗಿಯನ್ನು ಬೆರಳಲ್ಲಿ ನಿಧಾನ ತಳ್ಳಿಕೊಂಡು ಸುತ್ತು ಹಾಕಿಸಿ, ಹಿಂದಕ್ಕೂ ಮುಂದಕ್ಕೂ. ಚಕ್ರ ಟಕ್ ಅಂದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ ಸರಿಮಾಡಿ. ಗುರುತು ಒಂದೂ ಉಳಿಯದ ಮೇಲೆ ಅಂಟು ಹಚ್ಚಿ.

ಕರೆಂಟು

230 ವೋಲ್ಟಿನ ಗೊಡವೆಗೆ ನೀವು ಹೋಗುವುದೇ ಬೇಡ. ಒಳ್ಳೆಯ ಕಂಪನಿಯ 12 ವೋಲ್ಟ್, 1 ಆಂಪಿಯರ್ ಡಿಸಿ ಅಡಾಪ್ಟರ್ ಕೊಳ್ಳಿ, ಅದರ ಮುಂದೆ ಮಾದರಿ ರೈಲಿನ ಸ್ಪೀಡ್ ಕಂಟ್ರೋಲರ್. ಪುಟ್ಟ ಎಂಜಿನ್‌ನಲ್ಲಿ ಕೋರ್‌ಲೆಸ್ ಮೋಟಾರ್ (ಒಳಗೆ ಕಬ್ಬಿಣದ ತಿರುಳಿಲ್ಲದ್ದು) ಇದ್ದರೆ ಕಂಟ್ರೋಲರ್ ಅದಕ್ಕೆ ಸರಿಹೊಂದುತ್ತದಾ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ, ಇಲ್ಲದಿದ್ದರೆ ಮೋಟಾರ್ ಬಿಸಿಯಾಗುತ್ತದೆ.

ಹಳಿಗಳನ್ನು ಜೋಡಿಸುವ ತಗಡಿನ ಪಟ್ಟಿಯನ್ನು ನಂಬಿ ಒಂದೇ ಕಡೆ ಕರೆಂಟು ಕೊಡಬೇಡಿ. ಆರು ತಿಂಗಳಲ್ಲಿ ಅದು ಸಡಿಲವಾಗುತ್ತದೆ. ಪ್ರತಿ ತುಂಡು ಹಳಿಗೂ ಒಂದು ಜೊತೆ ತೆಳು ವೈರ್ ಬೆಸೆದು ಹಲಗೆಯ ಕೆಳಗಿಳಿಸಿ, ಅಲ್ಲಿ ಎರಡು ದಪ್ಪ ವೈರ್‌ಗೆ ಸೇರಿಸಿ. ಹೊರಗಿನ ಹಳಿಗೆ ಕೆಂಪು, ಒಳಗಿನದ್ದಕ್ಕೆ ಕಪ್ಪು. 25 ವ್ಯಾಟ್ ಸಾಲ್ಡರಿಂಗ್ ಐರನ್ ಸಾಕು. ಹಳಿಯ ಬದಿಯನ್ನು ಉಜ್ಜಿ, ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ, ಮುಟ್ಟಿಸಿ ತಕ್ಷಣ ತೆಗೆಯಿರಿ. ಜಾಸ್ತಿ ಹೊತ್ತು ಹಿಡಿದರೆ ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತದೆ.

ಪಾಯಿಂಟ್ ತಗೊಳ್ಳುವಾಗ ನಡುವಿನ ಕವಲು ಭಾಗಕ್ಕೂ ಕರೆಂಟು ಹರಿಯುವಂಥದ್ದನ್ನು ಕೇಳಿ. ಆ ಭಾಗ ಪ್ಲಾಸ್ಟಿಕ್ ಆಗಿದ್ದರೆ ನಾಲ್ಕು ಚಕ್ರದ ಎಂಜಿನ್ ನಿಧಾನ ಹೋಗುವಾಗ ಅಲ್ಲೇ ನಿಂತುಬಿಡುತ್ತದೆ. ಹೀಗೆ ಕರೆಂಟು ಹರಿಯುವ ಪಾಯಿಂಟ್ ಹಾಕಿದಾಗ ಕವಲಿನಿಂದ ಹೊರಡುವ ಎರಡು ಒಳಹಳಿಗಳಿಗೆ ಪ್ಲಾಸ್ಟಿಕ್ ಜೋಡಣೆ ಹಾಕಬೇಕು, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ಪಾಯಿಂಟ್ ತಿರುಗಿಸೋಕೆ ಮೋಟಾರ್ ಬೇಕಿಲ್ಲ, ಪೆಕೋದಲ್ಲಿ ಸ್ಪ್ರಿಂಗ್ ಇರುತ್ತದೆ, ಬೆರಳೇ ಸಾಕು.

ಎಂಜಿನ್ ವಿಷಯ. ಕೋಲಾರದ ದಾರಿಯ ಎಂಜಿನ್ನೇ ಬೇಕು ಅಂದರೆ ಕೈಯಲ್ಲೇ ಮಾಡಬೇಕು. ಎನ್ ಗೇಜ್‌ನ ಪುಟ್ಟ ಮೋಟಾರ್ ಚಾಸಿ ತಗೊಂಡು ಮೇಲೆ ಪ್ಲಾಸ್ಟಿಕ್ ಶೀಟ್‌ನಿಂದ ಮೈ ಕಟ್ಟುವುದು ಚಾಲ್ತಿಯಲ್ಲಿರುವ ದಾರಿ, ಕೇಟೋ ಕಂಪನಿಯ ಚಾಸಿಗಳು ಇದಕ್ಕೆ ಹೆಸರುವಾಸಿ. ಮೊದಲ ವರ್ಷ ರೆಡಿ ಎಂಜಿನ್ ಸಾಕು, ಮಿನಿಟ್ರೇನ್ಸ್, ಲಿಲಿಪುಟ್, ರೋಕೋ ಇವರದ್ದು ಎಚ್‌ಒಇಯಲ್ಲಿ ಇವೆ. ಹೊರದೇಶದಿಂದ ಬರುವುದರಿಂದ ಸುಂಕ, ಅಂಚೆ ಖರ್ಚು ಎರಡನ್ನೂ ಸೇರಿಸಿಯೇ ಬಜೆಟ್ ಹಾಕಿ.

ಮಣ್ಣು, ಬಂಡೆ, ಹುಣಸೆಮರ

ನನಗೆ ಅತಿ ಪ್ರೀತಿಯ ಭಾಗ ಇದು. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಕೆಮ್ಮಣ್ಣನ್ನು ಯಾವ ಪೇಂಟ್ ಡಬ್ಬಿಯೂ ಕೊಡಲ್ಲ. ಒಂದು ಹಿಡಿ ಮಣ್ಣು ತನ್ನಿ, ಹಳೆಯ ಬಾಣಲೆಯಲ್ಲಿ ಹತ್ತು ನಿಮಿಷ ಹುರಿಯಿರಿ, ಹುಳು–ಮೊಟ್ಟೆ ಸಾಯಲಿ. ಆರಿದ ಮೇಲೆ ಟೀ ಸೋಸುವ ಜರಡಿಯಲ್ಲಿ ಸೋಸಿ. ಈಗ ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಮಣ್ಣಿನೊಳಗೆ ಆಡಿಸಿ. ಮೇಲೆತ್ತಿದಾಗ ಕವರಿಗೆ ಕಪ್ಪು ಮೀಸೆ ಹಾಗೆ ಪುಡಿ ಅಂಟಿಕೊಂಡಿರುತ್ತದೆ. ಅದು ಕಬ್ಬಿಣದ ಅಂಶ. ಅಂಟುವುದು ನಿಲ್ಲುವವರೆಗೂ ಐದಾರು ಸಲ ಹೀಗೆ ಮಾಡಿ. ನನ್ನ ಮೊದಲ ಲೇಔಟ್‌ನಲ್ಲಿ ಇದನ್ನು ಮಾಡಿರಲಿಲ್ಲ. ಎರಡು ವಾರದಲ್ಲಿ ಎಂಜಿನ್ ಕಿರಗುಟ್ಟಿ ನಿಂತಿತು, ಬಿಚ್ಚಿದರೆ ಮೋಟಾರಿನ ಆಯಸ್ಕಾಂತದ ಸುತ್ತ ಇದೇ ಪುಡಿ ತುಂಬಿತ್ತು. ಆ ಮೋಟಾರ್ ಮತ್ತೆ ಸರಿಹೋಗಲಿಲ್ಲ.

ಹಳಿಯ ನಡುವೆ ಎಂ–ಸ್ಯಾಂಡ್ ಸೋಸಿದ್ದು, ಬದಿಗೆ ಕೆಮ್ಮಣ್ಣು. ಮೆತ್ತನೆ ಬ್ರಷ್‌ನಲ್ಲಿ ಹರಡಿ, ಸ್ಲೀಪರ್ ಮಟ್ಟಕ್ಕಿಂತ ಮೇಲೆ ಬರಬಾರದು. ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ. ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಇಂಕ್ ಫಿಲ್ಲರ್‌ನಿಂದ ಹನಿ ಹನಿ ಬಿಡಿ. ಆ ಒಂದು ಹನಿ ಲಿಕ್ವಿಡ್ ಇಲ್ಲದಿದ್ದರೆ ಅಂಟು ಮೇಲೇ ಗುಂಡಗೆ ನಿಂತುಕೊಳ್ಳುತ್ತದೆ, ಒಳಗಿಳಿಯಲ್ಲ. ಪಾಯಿಂಟ್ ಅಲುಗಾಡುವ ಭಾಗದ ಹತ್ತಿರ ಒಣ ಮಣ್ಣೂ ಬೇಡ, ಅಂಟೂ ಬೇಡ, ಅಲ್ಲಿ ಬಣ್ಣ ಹಚ್ಚಿ ಬಿಡಿ.

ಈಗ ನಂದಿ ಬೆಟ್ಟ. ಅದರ ಎತ್ತರ 1,478 ಮೀಟರ್, ಸುತ್ತಲಿನ ಬಯಲಿನಿಂದಲೇ 500 ಮೀಟರಿಗೂ ಜಾಸ್ತಿ. 87ರಿಂದ ಭಾಗಿಸಿದರೂ ಆರು ಮೀಟರ್ ಹತ್ತಿರ ಆಗುತ್ತದೆ, ಮನೆಯ ಸೂರು ತೆಗೆಯಬೇಕಾಗುತ್ತದೆ! ಅದಕ್ಕೆ ಬೆಟ್ಟವನ್ನು ಹಿಂದಿನ ರಟ್ಟಿನ ಮೇಲೆ ಬರೆಯಿರಿ, ಮಂಜು ಮುಸುಕಿದ ಬೂದುನೀಲಿಯಲ್ಲಿ. ಮುಂದುಗಡೆ ಬಂಡೆಗಳನ್ನು ಮಾತ್ರ ಮಾಡಿ. ವಿದೇಶಿ ವಿಡಿಯೊಗಳಲ್ಲಿ ತೋರಿಸುವ ಚೂಪು ಪದರು ಪದರು ಬಂಡೆ ನಮ್ಮ ಕಡೆಯದ್ದಲ್ಲ. ನಮ್ಮದು ಆನೆ ಮಲಗಿದ ಹಾಗೆ ಉರುಟು ಬಂಡೆ. ನ್ಯೂಸ್‌ಪೇಪರ್ ಉಂಡೆ ಕಟ್ಟಿ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ, ಗಟ್ಟಿಯಾಗುವ ಮುಂಚೆ ಒದ್ದೆ ಬೆರಳಿನಿಂದ ಸವರಿ. ಬೂದು ಬಣ್ಣ ಒಣಗಿದ ಮೇಲೆ ತೀರಾ ನೀರು ಮಾಡಿದ ಕಪ್ಪನ್ನು ಮೇಲಿನಿಂದ ಇಳಿಬಿಡಿ, ಮಳೆನೀರು ಹರಿದ ಕಲೆ ತಾನೇ ಮೂಡುತ್ತದೆ.

ಹುಣಸೆಮರಕ್ಕೆ ಹಳೆ ತಾಮ್ರದ ವೈರ್ ಹತ್ತಿಪ್ಪತ್ತು ಎಳೆ ಹುರಿಮಾಡಿ ಕಾಂಡ, ಬಿಡಿಸಿ ಕೊಂಬೆ. ಮೇಲೆ ಕಡುಹಸಿರು ಬಣ್ಣ ಹಾಕಿ ಒಣಗಿಸಿದ ಸ್ಪಂಜಿನ ಪುಡಿ. ಹನ್ನೆರಡು ಸೆಂ.ಮೀ. ಎತ್ತರ ಮಾಡಿ, ಅದು ನಿಜದ ಹತ್ತು ಮೀಟರ್. ಶಿಡ್ಲಘಟ್ಟದ ಕಡೆಯ ಹಿಪ್ಪುನೇರಳೆ ತೋಟದ ಸಾಲುಗಳನ್ನೂ ಒಂದು ಮೂಲೆಯಲ್ಲಿ ಹಾಕಿದರೆ ಊರು ಯಾವುದು ಅಂತ ಯಾರೂ ಕೇಳಬೇಕಿಲ್ಲ.

ನಿಲ್ದಾಣ

ನಂದಿ ಹಾಲ್ಟ್‌ಗೆ ಹೋಗಿ ಬನ್ನಿ. ಸ್ಟೇಷನ್‌ನವರಿಗೆ ಒಂದು ಮಾತು ಹೇಳಿ, ಒಂದು ಮೀಟರ್ ಕೋಲನ್ನು ಗೋಡೆಗೆ ಒರಗಿಸಿ, ನೇರ ಎದುರಿಗೆ ನಿಂತು ಫೋಟೊ ತೆಗೆಯಿರಿ. ಆಮೇಲೆ ಫೋಟೊದಲ್ಲಿ ಆ ಕೋಲಿನಿಂದಲೇ ಬಾಗಿಲು, ಕಿಟಕಿ, ಮಾಡು ಎಲ್ಲ ಅಳೆಯಬಹುದು. ನಿಜದ ಒಂದು ಮೀಟರ್ ನಮಗೆ 11.5 ಮಿ.ಮೀ. ಏಳಡಿ ಬಾಗಿಲು 24.5 ಮಿ.ಮೀ. ಗೋಡೆಗೆ ಗಟ್ಟಿ ರಟ್ಟು, ಮೇಲೆ ತೆಳುವಾಗಿ ವಾಲ್ ಪುಟ್ಟಿ. ಅರ್ಧ ಒಣಗಿದಾಗ ಸೂಜಿಯಿಂದ ಕಲ್ಲಿನ ಸಂದುಗಳನ್ನು ಗೀರಿ. ಫೋಟೊ ನೋಡಿಕೊಂಡೇ ಗೀರಿ, ಒಂದೊಂದು ಕಲ್ಲಿನ ಗಾತ್ರ ಬೇರೆ ಬೇರೆ.

ಎಲ್ಲ ಒಣಗೋಕೆ ಎರಡು ದಿನ ಬಿಡಿ. ಹಳಿಯ ತಲೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲಬೇಕು. ಆಲ್ಕೋಹಾಲ್ ಪೂರ್ತಿ ಆರಿದ ಮೇಲೇ ಕರೆಂಟು. ಎಂಜಿನ್ ಇಟ್ಟು, ಅದರ ಹಿಂದೆ ಎರಡು ಬೋಗಿ ಸೇರಿಸಿ, ಗುಂಡಿಯನ್ನು ತೀರಾ ನಿಧಾನ ತಿರುಗಿಸಿ. ಈ ದಾರಿಯ ರೈಲು ಯಾವತ್ತೂ ಓಡಿದ್ದಲ್ಲ, ನಡೆದದ್ದು. ಒಂದು ಸುತ್ತಿಗೆ ನಲವತ್ತು ಸೆಕೆಂಡ್ ಹಿಡಿದರೆ ಸರಿಯಾಗಿದೆ ಅಂತ ಅರ್ಥ.